ವಿಚ್ಛೇದನದ ಹೊತ್ತಲ್ಲಿ ಮನೆಗೆ ಬೆಲೆ ಕಟ್ಟಿಸೋದು ಹೇಗೆ? ನಾನು ಕಲಿತ ಪಾಠ

ಇವತ್ತು ಕ್ವಿಂಟಾಲ್ ಕೊಬ್ಬರಿಗೆ ಏನು ರೇಟು ಅಂದ್ರೆ ನಿದ್ದೆಗಣ್ಣಲ್ಲೂ ಹೇಳ್ತೀನಿ. ಎರಡನೇ ಸೂಲಿನ ಎಚ್‌ಎಫ್ ಹಸು ಎಷ್ಟಕ್ಕೆ ಹೋಗುತ್ತೆ, ಹಳೇ ಟ್ರೈಲರ್ ಎಷ್ಟಕ್ಕೆ ಕೇಳ್ತಾರೆ, ಎಲ್ಲಾ ಗೊತ್ತು. ಆದ್ರೆ ಹತ್ತು ವರ್ಷದಿಂದ ಮಲಗಿ ಏಳ್ತಿರೋ ನನ್ನ ಮನೆಗೆ ಬೆಲೆ ಎಷ್ಟು ಅಂತ ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಉತ್ತರ ಇರಲಿಲ್ಲ. ಆ ಪ್ರಶ್ನೆ ಬಂದಿದ್ದು 2024ರಲ್ಲಿ, ನಾನೂ ನನ್ನ ಹೆಂಡತಿಯೂ ಬೇರೆ ಆಗೋಣ ಅಂತ ತೀರ್ಮಾನ ಮಾಡಿದಾಗ.

ಯಾಕೆ ಬೇರೆ ಆದ್ವಿ ಅನ್ನೋದು ಈ ಲೇಖನಕ್ಕೆ ಬೇಡ. 2022ರಿಂದ ಅವಳು ಮಗಳ ಜೊತೆ ತವರಲ್ಲಿದ್ದಳು, ಇಬ್ಬರಿಗೂ ಸಾಕಾಗಿತ್ತು, ಅಷ್ಟು ಸಾಕು. ಈ ಜಾಗದಲ್ಲಿ ಪ್ರತಿ ವಾರ ನುಸಿ ರೋಗ, ಹನಿ ನೀರಾವರಿ, ಸಬ್ಸಿಡಿ ಬಗ್ಗೆ ಓದ್ತೀರಿ. ಇದನ್ನ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ಕಡೆಯ ಹುಡುಗರು ಈ ಸಂಕಟಕ್ಕೆ ಸಿಕ್ಕಿಕೊಂಡಾಗ ಯಾರ ಹತ್ರಾನೂ ಬಾಯಿ ಬಿಡಲ್ಲ. ಕಟ್ಟೆ ಮೇಲೆ ಕೂತವರು ಹೇಳಿದ ಬೆಲೆ ನಂಬಿ ಕೋರ್ಟಿಗೆ ಹೋಗ್ತಾರೆ. ನಾನೂ ಹಾಗೇ ಹೋಗಿದ್ದೆ.

ಬೆಲೆ ಕಟ್ಟೋದು ಯಾಕೆ ಬೇಕು?

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಿಬಿಡೋಣ. ಮದುವೆ ಆದ ಮಾತ್ರಕ್ಕೆ ಆಸ್ತಿ ತಾನಾಗೇ ಅರ್ಧ ಅರ್ಧ ಆಗುತ್ತೆ ಅನ್ನೋ ಕಾನೂನು ನಮ್ಮಲ್ಲಿ ಇಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಇಬ್ಬರ ಹೆಸರಲ್ಲಿದ್ರೆ ಇಬ್ಬರದು. ಹಾಗಾದ್ರೆ ಬೆಲೆ ಯಾಕೆ? ಮೂರು ಕಾರಣ.

ಒಂದು, ಜಂಟಿ ಹೆಸರಲ್ಲಿ ಮನೆ ಇದ್ದು ಒಬ್ಬರು ಇಟ್ಟುಕೊಂಡ್ರೆ ಇನ್ನೊಬ್ಬರಿಗೆ ಅವರ ಪಾಲಿನ ದುಡ್ಡು ಕೊಡಬೇಕು. ಎರಡು, ಮನೆ ಒಬ್ಬರ ಹೆಸರಲ್ಲೇ ಇದ್ರೂ ಜೀವನಾಂಶ ತೀರ್ಮಾನ ಮಾಡುವಾಗ ಕೋರ್ಟು ಇಬ್ಬರ ಆದಾಯ, ಆಸ್ತಿ ಎರಡನ್ನೂ ನೋಡುತ್ತೆ. 1955ರ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಇದನ್ನೇ ಹೇಳೋದು. ಮೂರು, ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅಂದ್ರೆ 13ಬಿ ಸೆಕ್ಷನ್ ಪ್ರಕಾರ ಹೋಗೋದಾದ್ರೆ, ಇಬ್ಬರೂ ಒಂದು ಮೊತ್ತಕ್ಕೆ ಒಪ್ಪಬೇಕು. ಒಪ್ಪೋಕೆ ಆಧಾರ ಬೇಕಲ್ಲ?

ನಮ್ಮದು ಮೊದಲನೆಯ ಥರದ್ದು. 2013ರಲ್ಲಿ ಗ್ರಾಮಠಾಣಾ ಒಳಗೆ 40 ಬೈ 50 ಸೈಟು ಕೊಂಡಾಗ ಇಬ್ಬರ ಹೆಸರಲ್ಲೂ ನೋಂದಣಿ ಮಾಡಿಸಿದ್ವಿ. ಸಾಲ ಕೊಟ್ಟ ಬ್ಯಾಂಕಿನವರೂ ಇಬ್ಬರ ಸಹಿ ಹಾಕಿಸಿಕೊಂಡಿದ್ರು. 2014ರಲ್ಲಿ ಆರ್‌ಸಿಸಿ ಮನೆ ಎದ್ದು ನಿಂತು ಗೃಹಪ್ರವೇಶ ಆಯ್ತು. ಮೋಲ್ಡ್ ಹಾಕೋ ವಾರ ದುಡ್ಡು ಸಾಲದೆ ಅವಳ ಎರಡೆಳೆ ಸರ ಮಾರಿದ್ವಿ. ಇದನ್ನ ನೆನಪಲ್ಲಿಡಿ, ಮುಂದೆ ಬರುತ್ತೆ.

ಊರಲ್ಲಿ ಒಂದೇ ಮನೆಗೆ ನಾಲ್ಕು ಬೆಲೆ

ನಮ್ಮ ಮನೆಗೆ ಆ ವರ್ಷ ನಾಲ್ಕು ಬೆಲೆ ಓಡಾಡ್ತಿದ್ವು.

ಕಾವೇರಿ ಆನ್‌ಲೈನ್‌ನಲ್ಲಿ ನಾನೇ ನೋಡಿದ ಮಾರ್ಗಸೂಚಿ ಬೆಲೆ ಪ್ರಕಾರ ಸುಮಾರು 13 ಲಕ್ಷ. ಭಾಮೈದ ಯಾರನ್ನೋ ಕರೆಸಿ ಬರೆಸಿಕೊಂಡು ಬಂದ ಕಾಗದದಲ್ಲಿ 41 ಲಕ್ಷ. "ಬೈಪಾಸ್ ಹತ್ರ ಸೈಟು ಹೆಂಗೆ ಹೋಗ್ತೈತೆ ಗೊತ್ತಾ ಭಾವ?" ಅಂದ. ಬೈಪಾಸು ನಮ್ಮ ಮನೆಗೆ ಎರಡೂವರೆ ಕಿಲೋಮೀಟರ್ ದೂರ. ನನ್ನ ಗೆಳೆಯ ಹೇಳಿದ ಬೆಲೆ 15 ಲಕ್ಷ. ಇನ್ನೊಂದು, ಬ್ಯಾಂಕಿನ ಹಳೇ ಫೈಲಿನಲ್ಲಿದ್ದ ವರದಿ. ಅದರಲ್ಲೇ ಎರಡು ಅಂಕಿ. ಒಂದು ಮಾರುಕಟ್ಟೆ ಬೆಲೆ, ಇನ್ನೊಂದು ಒತ್ತಡದ ಮಾರಾಟ ಬೆಲೆ.

ಈ ಪದಗಳ ವ್ಯತ್ಯಾಸ ಗೊತ್ತಿರಬೇಕು.

ಮಾರ್ಗಸೂಚಿ ಬೆಲೆ ಅಂದ್ರೆ ನೋಂದಣಿ ಮಾಡಿಸುವಾಗ ಮುದ್ರಾಂಕ ಶುಲ್ಕ ಲೆಕ್ಕ ಹಾಕೋಕೆ ಸರ್ಕಾರ ನಿಗದಿ ಮಾಡೋ ದರ. ನಮ್ಮ ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಇದು ಪರಿಷ್ಕರಣೆ ಆಗಿತ್ತು. ಅದು ಊರು, ಬೀದಿ, ಸರ್ವೆ ನಂಬರ್ ನೋಡುತ್ತೆ. ನಿಮ್ಮ ಮನೆಯ ಗೋಡೆ ಬಿರುಕು ಬಿಟ್ಟಿದೆಯಾ, ತೇಗದ ಬಾಗಿಲು ಇದೆಯಾ ಅಂತ ಒಳಗೆ ಬಂದು ನೋಡಲ್ಲ.

ಮಾರುಕಟ್ಟೆ ಬೆಲೆ ಅಂದ್ರೆ ಯಾರ ಬಲವಂತವೂ ಇಲ್ಲದೆ, ಸಾಕಷ್ಟು ಸಮಯ ತಗೊಂಡು ಮಾರಿದ್ರೆ ಸಿಗೋ ಬೆಲೆ. ಒತ್ತಡದ ಮಾರಾಟ ಬೆಲೆ ಅಂದ್ರೆ ಸಾಲ ಕಟ್ಟದೆ ಬ್ಯಾಂಕು ಹರಾಜು ಹಾಕಿದ್ರೆ ಎಷ್ಟು ಬರಬಹುದು ಅನ್ನೋ ಅಂದಾಜು. ಅದು ಯಾವಾಗಲೂ ಕಡಿಮೆ. ವಿಚ್ಛೇದನದಲ್ಲಿ ನೀವು ಮನೆ ಹರಾಜು ಹಾಕ್ತಿಲ್ಲ. ಆದ್ದರಿಂದ ಆ ಅಂಕಿ ತೋರಿಸಿ ಪಾಲು ಕೇಳೋದು, ಕೊಡೋದು ಎರಡೂ ನ್ಯಾಯ ಅಲ್ಲ.

ನಾನು ಮಾಡಹೊರಟಿದ್ದ ತಪ್ಪು

ಮುಚ್ಚುಮರೆ ಯಾಕೆ, ಹೇಳಿಬಿಡ್ತೀನಿ. ಆ 15 ಲಕ್ಷ ಹೇಳಿದ ಗೆಳೆಯ ಸುಮ್ಮನೆ ಹೇಳಿರಲಿಲ್ಲ. "ನಮಗೆ ಬೇಕಾದಂಗೆ ಬರೆದುಕೊಡೋರು ಅವ್ರೆ ಕಣೋ. ಹದಿನೈದು ಅಂತ ಬರೆಸಾಣ. ಸಾಲ ಕಳೆದ್ರೆ ಉಳಿಯೋದು ಎಂಟೂವರೆ. ನಾಲ್ಕು ಕಾಲು ಬಿಸಾಕಿ ಕೈತೊಳ್ಕೊ" ಅಂದ. ನಾನು ಹೂಂ ಅಂದಿದ್ದೆ. ಫೀಸು ಕೂಡ ಫೋನಲ್ಲೇ ಕಳಿಸಿದ್ದೆ. ವರದಿ ಬಂತು. ಬಂದವರು ಮನೆ ಒಳಗೆ ಕಾಲಿಟ್ಟೇ ಇರಲಿಲ್ಲ.

ನಮ್ಮ ಕೇಸು ಮಧ್ಯಸ್ಥಿಕೆಗೆ ಹೋದಾಗ ನನ್ನ ಕೈಲಿ 15, ಅವಳ ಅಣ್ಣನ ಕೈಲಿ 41. ಮಧ್ಯಸ್ಥಿಕೆಗೆ ಕೂತಿದ್ದ ಲಾಯರ್ ಮೇಡಂ ಎರಡೂ ವರದಿ ಓದಿದ್ರು. ನನ್ನ ವರದಿಯಲ್ಲಿ ಮನೆ ಅಳತೆ 900 ಚದರ ಅಡಿ ಅಂತಿತ್ತು, ಅವರದ್ದರಲ್ಲಿ 1,400. ಮೇಡಂ ಎರಡನ್ನೂ ಮೇಜಿನ ಮೇಲೆ ಮಗುಚಿ ಇಟ್ರು.

"ಒಂದೇ ಮನೆ ಹಿಂಗೆ ಹಿಗ್ಗಿ ಕುಗ್ಗುತ್ತೇನ್ರಪ್ಪಾ? ಇಬ್ಬರೂ ಸೇರಿ ಒಬ್ಬರನ್ನ ಆರಿಸ್ಕೊಳ್ಳಿ. ಫೀಸು ಅರ್ಧ ಅರ್ಧ ಹಾಕಿ. ಅಳೆಯೋವಾಗ ಇಬ್ಬರೂ ಅಲ್ಲೇ ನಿಂತಿರಿ" ಅಂದ್ರು.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಎರಡು ಕಡೆಯವರು ಎರಡು ವರದಿ ತಂದ್ರೆ ಜಗಳ ಎರಡಾಗುತ್ತೆ. ಒಬ್ಬರೇ ಮೌಲ್ಯಮಾಪಕರು, ಇಬ್ಬರ ಫೀಸು, ಇಬ್ಬರ ಮುಂದೆ ಅಳತೆ.

ಆರಿಸುವಾಗ ಇಷ್ಟು ನೋಡಿ. ಜಮೀನು ಮತ್ತು ಕಟ್ಟಡದ ವಿಭಾಗದಲ್ಲಿ ನೋಂದಾಯಿತ ಮೌಲ್ಯಮಾಪಕರು ಇರ್ತಾರೆ. ನೋಂದಣಿ ಸಂಖ್ಯೆ ಕೇಳಿ, ವರದಿಯಲ್ಲೂ ಅದು ಇರಬೇಕು. ಬ್ಯಾಂಕುಗಳ ಪ್ಯಾನೆಲ್‌ನಲ್ಲಿ ಇರೋರಾದ್ರೆ ಹಳ್ಳಿ ಮನೆ ಅಳೆದ ಅನುಭವ ಇರುತ್ತೆ. ಫೀಸು ಮೊದಲೇ ಮಾತಾಡಿ. "ಬೆಲೆಯಲ್ಲಿ ಇಷ್ಟು ಪರ್ಸೆಂಟ್" ಅಂತ ಕೇಳೋರ ಹತ್ರ ಹೋಗಬೇಡಿ, ಬೆಲೆ ಏರಿದಷ್ಟೂ ಅವರಿಗೆ ಲಾಭ. ನಮಗೆ ಬಂದವರು ನಿಗದಿಯಾಗಿ 6,000 ರೂಪಾಯಿ ಹೇಳಿದ್ರು. ತಲಾ ಮೂರು ಸಾವಿರ ಹಾಕಿದ್ವಿ.

ಮೊದಲು ಕಾಗದ: ಬಹುಪಾಲು ಫೋನಲ್ಲೇ ಆಗುತ್ತೆ

ಮೌಲ್ಯಮಾಪಕರು ಬರೋ ಮುಂಚೆ ಇವಿಷ್ಟು ಒಂದೇ ಫೋಲ್ಡರ್‌ಗೆ ಹಾಕಿಟ್ಟುಕೊಳ್ಳಿ.

- ಸೈಟಿನ ಕ್ರಯಪತ್ರ. ಯಾರ ಹೆಸರು, ಚಕ್ಕುಬಂದಿ ಏನು ಅಂತ ಓದಿ.
- ಇ-ಸ್ವತ್ತಿನ ನಮೂನೆ 9 ಮತ್ತು 11. ಪಂಚಾಯ್ತಿ ವ್ಯಾಪ್ತಿಯ ಮನೆಗೆ ಇದೇ ಖಾತೆ. 11ಎ ಇದೆಯೋ 11ಬಿ ಇದೆಯೋ ನೋಡಿ, ಬೆಲೆ ಮೇಲೆ ಅದರ ಪರಿಣಾಮ ಇದೆ.
- ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ. ಕಾವೇರಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಸೈಟು ಕೊಂಡ ವರ್ಷದ ಹಿಂದಿನಿಂದ ಇವತ್ತಿನವರೆಗೆ ತೆಗೆಸಿ. ಗೊತ್ತಿಲ್ಲದ ಅಡಮಾನ ಏನಾದ್ರೂ ಇದ್ರೆ ಇಲ್ಲೇ ಹೊರಬೀಳುತ್ತೆ.
- ಬ್ಯಾಂಕಿನಿಂದ ಆ ದಿನದ ಸಾಲದ ಬಾಕಿ ಪತ್ರ.
- ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್.
- ಜಮೀನು ಇದ್ರೆ ಪಹಣಿ. ಭೂಮಿ ಜಾಲತಾಣದಲ್ಲಿ ನೋಡಬಹುದು. 9ನೇ ಕಾಲಂನಲ್ಲಿ ಮಾಲೀಕರು, 11ನೇ ಕಾಲಂನಲ್ಲಿ ಸಾಲ ಮತ್ತು ಇತರೆ ಹಕ್ಕು. ದಿಶಾಂಕ್ ಆಪ್ ತೆಗೆದು ಮನೆ ಮುಂದೆ ನಿಂತ್ರೆ ನೀವು ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತೆ.

ಕಾಗದ ಎರಡು ಪ್ರತಿ ಮಾಡಿಸಿ, ಒಂದನ್ನ ಆ ಕಡೆಯವರಿಗೆ ಕೊಡಿ. ನಾನು ವಾಟ್ಸಾಪ್‌ನಲ್ಲಿ ಕಳಿಸಿದೆ. ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬೈಗುಳ ಇಲ್ಲದ ಮೊದಲ ಮೆಸೇಜು ಅದು.

ಅಳತೆ ಆದ ದಿನ

ನವೆಂಬರ್ ತಿಂಗಳು, ಬೆಳಗ್ಗೆ ಹತ್ತು ಗಂಟೆ. ಅವಳು ಅಣ್ಣನ ಬೈಕಲ್ಲಿ ಬಂದಳು. ಒಳಗೆ ಬರೋವಾಗ ಹೊಸ್ತಿಲ ಹತ್ರ ಒಂದು ಗಳಿಗೆ ನಿಂತು ಚಪ್ಪಲಿ ಎಲ್ಲಿ ಬಿಡಬೇಕು ಅಂತ ನೋಡಿದಳು. ಅವಳೇ ಇಟ್ಟಿದ್ದ ಚಪ್ಪಲಿ ಸ್ಟ್ಯಾಂಡು ಅಲ್ಲೇ ಇತ್ತು. ನಮ್ಮಮ್ಮ ಕಾಫಿ ತಂದುಕೊಟ್ರು, ಯಾರೂ ಮಾತಾಡಲಿಲ್ಲ.

ಮೌಲ್ಯಮಾಪಕರು ವಯಸ್ಸಾದ ಎಂಜಿನಿಯರು. ಹೊರಗಿನಿಂದ ಟೇಪು ಹಿಡಿದು ಅಳೆದ್ರು. ಗೋಡೆಯ ದಪ್ಪವೂ ಸೇರಿ ಬರೋ ಅಳತೆಯನ್ನೇ ಕಟ್ಟಡದ ವಿಸ್ತೀರ್ಣ ಅಂತ ಹಿಡಿಯೋದಂತೆ. ಬಂದಿದ್ದು 1,150 ಚದರ ಅಡಿ. 900ವೂ ಅಲ್ಲ, 1,400ವೂ ಅಲ್ಲ. ಭಾಮೈದ ಟೇಪಿನ ಆ ತುದಿ ಹಿಡಿದಿದ್ದ, ಈ ತುದಿ ನಾನು. ಹಾಗಾಗಿ ಅಳತೆ ಬಗ್ಗೆ ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ಅವರು ನೋಡಿದ್ದು: ಮೋಲ್ಡಿನಲ್ಲಿ ಸೋರಿಕೆ, ಗೋಡೆಯ ಬಿರುಕು, ನೆಲ, ಕಿಟಕಿ ಬಾಗಿಲು, ವೈರಿಂಗ್, ಶೌಚಾಲಯ, ನೀರಿನ ಸಂಪು, ಕಾಂಪೌಂಡು, ರಸ್ತೆಯ ಅಗಲ, ಟ್ರ್ಯಾಕ್ಟರ್ ಮನೆವರೆಗೆ ಬರುತ್ತಾ ಅನ್ನೋದು. ಅವರು ಕೇಳಿದ್ದು: ಕಟ್ಟಿದ ವರ್ಷ, ಪಕ್ಕದಲ್ಲಿ ಇತ್ತೀಚೆಗೆ ಯಾವ ಸೈಟು ಮಾರಾಟ ಆಯ್ತು, ಎಷ್ಟಕ್ಕೆ. "ರಿಜಿಸ್ಟ್ರಾಲ್ಲಿ ಬರೆದ ರೇಟು ಒಂದು, ಕೈ ಬದಲಾದ ದುಡ್ಡು ಇನ್ನೊಂದು. ಎರಡನ್ನೂ ವಿಚಾರಿಸ್ಬೇಕಪ್ಪ" ಅಂತ ಬೀದಿಯಲ್ಲಿ ಇಬ್ಬರನ್ನ ಮಾತಾಡಿಸಿಕೊಂಡು ಬಂದ್ರು.

ಲೆಕ್ಕ ಬಿಡಿಸಿ ನೋಡೋಣ

ವರದಿ ಬಂದ ಮೇಲೆ ಕೊನೇ ಅಂಕಿ ಮಾತ್ರ ನೋಡಬೇಡಿ. ಲೆಕ್ಕ ಹೇಗೆ ಬಂತು ಅಂತ ನೋಡಿ. ಇದು ರಸಾಯನ ವಿದ್ಯೆ ಏನಲ್ಲ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಜಾಗಕ್ಕೆ ಬೇರೆ, ಕಟ್ಟಡಕ್ಕೆ ಬೇರೆ ಬೆಲೆ. ಜಾಗ ಹಳೇದಾಗಲ್ಲ, ಕಟ್ಟಡ ಹಳೇದಾಗುತ್ತೆ. ಅದೇ ಮನೆಯನ್ನ ಇವತ್ತು ಕಟ್ಟಿದ್ರೆ ಎಷ್ಟು ಖರ್ಚು ಅಂತ ಮೊದಲು ಲೆಕ್ಕ ಹಾಕಿ, ಆಮೇಲೆ ವಯಸ್ಸಿನ ಸವಕಳಿ ಕಳೀತಾರೆ. ಆರ್‌ಸಿಸಿ ಮನೆಗೆ ಅವರು 60 ವರ್ಷ ಬಾಳಿಕೆ ಹಿಡಿದ್ರು. ಬಾಳಿಕೆ ಮುಗಿದ ಮೇಲೂ ಕಬ್ಬಿಣ, ಬಾಗಿಲು, ಕಿಟಕಿ ಅಂತ 10 ಪರ್ಸೆಂಟ್ ಉಳಿಯುತ್ತೆ. ಹಾಗಾಗಿ ಸವಕಳಿ ಹೋಗೋದು 90 ಪರ್ಸೆಂಟಿನ ಮೇಲೆ. ನಮ್ಮ ಮನೆಗೆ 10 ವರ್ಷ. 10 ಗುಣಿಸು 90, ಭಾಗಿಸು 60, ಅಂದ್ರೆ 15 ಪರ್ಸೆಂಟ್ ಸವಕಳಿ.

- ಜಾಗ: 2,000 ಚದರ ಅಡಿ, ಅಡಿಗೆ 450 ರೂ. = 9,00,000
- ಮನೆ ಇವತ್ತು ಕಟ್ಟಿದ್ರೆ: 1,150 ಚದರ ಅಡಿ, ಅಡಿಗೆ 1,700 ರೂ. = 19,55,000
- ಸವಕಳಿ 15 ಪರ್ಸೆಂಟ್ ಕಳೆದು ಮನೆ ಬೆಲೆ = 16,61,750
- ಸಂಪು, ಕಾಂಪೌಂಡು, ಹೊರಗಿನ ಶೌಚಾಲಯ = 1,20,000
- ಒಟ್ಟು 26,81,750. ದುಂಡಗೆ 26,80,000

ಇದರಲ್ಲಿ ಬ್ಯಾಂಕಿನ ಬಾಕಿ 6,40,000 ಕಳೆದ್ರೆ 20,40,000. ಇಬ್ಬರ ಹೆಸರಲ್ಲಿದ್ದ ಮನೆ, ಅರ್ಧ ಅಂದ್ರೆ 10,20,000. ನೆನಪಿಡಿ, ಪಾಲು ಮಾಡಬೇಕಾದ್ದು ಸಾಲ ಕಳೆದ ಮೇಲೆ ಉಳಿಯೋದನ್ನ.

ನಾನು ಬಿಸಾಕೋಕೆ ಹೊರಟಿದ್ದು ನಾಲ್ಕು ಕಾಲು ಲಕ್ಷ. ಕೊಡಬೇಕಾಗಿದ್ದು ಹತ್ತು ಲಕ್ಷ ಇಪ್ಪತ್ತು ಸಾವಿರ. ಆ ರಾತ್ರಿ ವರದಿ ಹಿಡಿದುಕೊಂಡು ಬಹಳ ಹೊತ್ತು ಜಗಲಿ ಮೇಲೆ ಕೂತಿದ್ದೆ. ಒಂದು ಕಡೆ ಎದೆ ಧಸಕ್ ಅಂದಿದ್ದು ನಿಜ, ಇಷ್ಟು ದುಡ್ಡು ಎಲ್ಲಿಂದ ತರೋದು ಅಂತ. ಇನ್ನೊಂದು ಕಡೆ, ಮೋಲ್ಡ್ ಹಾಕೋ ದಿನ ಕತ್ತು ಬರಿದು ಮಾಡಿಕೊಂಡು ಕೂಲಿಯವರಿಗೆ ಚಿತ್ರಾನ್ನ ಬಡಿಸ್ತಿದ್ದವಳ ಮುಖ ನೆನಪಾಯ್ತು.

ಕೊಟ್ಟಿಗೆ ಯಾರದು?

ಅಳತೆ ದಿನವೇ ಒಂದು ತಕರಾರು ಎದ್ದಿತ್ತು. ಮನೆ ಹಿಂದೆ 20 ಬೈ 12ರ ಶೀಟಿನ ಕೊಟ್ಟಿಗೆ ಇದೆ. 2018ರಲ್ಲಿ ಕಟ್ಟಿದ್ದು. ಹಾಲಿನ ಡೇರಿ ಖಾತೆ ಅವಳ ಹೆಸರಲ್ಲಿತ್ತು, ಕೊಟ್ಟಿಗೆಗೆ ಬಿದ್ದ ದುಡ್ಡೆಲ್ಲ ಹಾಲಿನ ಬಟವಾಡೆಯದು. ಅವಳ ಹತ್ರ ಒಂದು ನೋಟ್ ಬುಕ್ ಇತ್ತು. ಶೀಟು ಎಷ್ಟು, ಸಿಮೆಂಟು ಎಷ್ಟು ಮೂಟೆ, ಗಾರೆಯವನಿಗೆ ಯಾವ ದಿನ ಎಷ್ಟು ಕೊಟ್ಟಿದ್ದು, ಎಲ್ಲ ತಾರೀಖು ಸಮೇತ. ನನ್ನ ಹತ್ರ ಒಂದು ಚೀಟಿಯೂ ಇರಲಿಲ್ಲ.

ಆದ್ರೆ ನಮೂನೆ 9 ಹಿಡಿದು ಅಳೆದಾಗ ಕೊಟ್ಟಿಗೆ ನಮ್ಮ ಸೈಟಿನ ಗಡಿಯಿಂದ ಆಚೆ, ಅಪ್ಪನ ಹಿತ್ತಲಲ್ಲಿ ನಿಂತಿತ್ತು. "ಕಾಗದದಲ್ಲಿ ಇಲ್ಲದ ಜಾಗವನ್ನ ಈ ಮನೆ ಲೆಕ್ಕಕ್ಕೆ ಸೇರಿಸೋಕಾಗಲ್ಲಮ್ಮ" ಅಂದ್ರು ಎಂಜಿನಿಯರು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ಅವರು ಮುಂದುವರಿಸಿದ್ರು: "ಜಾಗ ಬಿಟ್ಟು ಶೆಡ್ಡಿಗೆ ಮಾತ್ರ ಬೇರೆ ಬೆಲೆ ಬರೀತೀನಿ. ಕೊಡೋದು ಬಿಡೋದು ನಿಮ್ಮ ನಿಮ್ಮಲ್ಲಿ ತೀರ್ಮಾನ ಮಾಡ್ಕೊಳ್ಳಿ."

240 ಚದರ ಅಡಿ, ಅಡಿಗೆ 400 ರೂಪಾಯಿ, 96,000. ಶೆಡ್ಡಿಗೆ 30 ವರ್ಷ ಬಾಳಿಕೆ ಹಿಡಿದು, ಆರು ವರ್ಷಕ್ಕೆ 18 ಪರ್ಸೆಂಟ್ ಸವಕಳಿ ಕಳೆದು 78,720.

ಅವಳು ಅದನ್ನ ಓದಿ ನನ್ನ ಕಡೆ ನೋಡದೆ ಅವರನ್ನೇ ಕೇಳಿದಳು: "ಸಾರ್, ಶೀಟಿಗೆ ಬೆಲೆ ಕಟ್ಟಿದ್ರಿ. ಆರು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಗಣಿ ಬಾಚಿದ್ದಕ್ಕೆ ನಿಮ್ಮ ವರದೀಲಿ ಕಾಲಂ ಇಲ್ವಾ?"

ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡ್ರು. "ಇಲ್ಲಮ್ಮ" ಅಂದ್ರು.

ಕೊಟ್ಟಿಗೆಗೆ 80,000 ಕೊಡ್ತೀನಿ ಅಂತ ನಾನೇ ಹೇಳಿದೆ. ಒಟ್ಟು 11 ಲಕ್ಷ ಆಯ್ತು. ದೊಡ್ಡತನಕ್ಕೆ ಹೇಳಿದ್ದಲ್ಲ. ಅವಳ ಪ್ರಶ್ನೆಗೆ ನನ್ನ ಹತ್ರ ಬೇರೆ ಉತ್ತರ ಇರಲಿಲ್ಲ, ಅದಕ್ಕೆ.

ಇಲ್ಲಿ ಕಲಿಯಬೇಕಾದ್ದು: ಕೊಟ್ಟಿಗೆ, ಪಂಪ್ ಮನೆ, ಗೊಬ್ಬರದ ಗುಂಡಿ, ಕೊಬ್ಬರಿ ಅಟ್ಟ ಇವು ಯಾರ ಜಾಗದಲ್ಲಿ ನಿಂತಿವೆ ಅಂತ ಮೊದಲೇ ನೋಡಿ. ಜಾಗ ಒಬ್ಬರದು, ಖರ್ಚು ಇನ್ನೊಬ್ಬರದು ಆಗಿದ್ರೆ ಕಟ್ಟಡಕ್ಕೆ ಬೇರೆ ಬೆಲೆ ಬರೆಸಿ. ಖರ್ಚಿನ ಲೆಕ್ಕ ಬರೆದಿಡೋ ಅಭ್ಯಾಸ ಗಂಡ ಹೆಂಡತಿ ಚೆನ್ನಾಗಿರೋವಾಗಲೇ ಇರಲಿ.

ಒಡವೆ ಲೆಕ್ಕ ಗ್ರಾಂನಲ್ಲಿ ಇರಲಿ

2019ರಲ್ಲಿ ಅಪ್ಪನ ತೋಟದಲ್ಲಿ ಬೋರ್‌ವೆಲ್ ಕೊರೆಸೋಕೆ ಅವಳ ಬಳೆ ಮಾರಿದ್ವಿ, 32 ಗ್ರಾಂ. "ಆವತ್ತು ಬಂದಿದ್ದ ದುಡ್ಡು ಕೊಟ್ರೆ ಆಯ್ತಲ್ಲ" ಅಂತ ನಾನು. ಲಾಯರ್ ಮೇಡಂ ಕೇಳಿದ್ರು, "ಆವತ್ತಿನ ದುಡ್ಡಿಗೆ ಇವತ್ತು 32 ಗ್ರಾಂ ಬರುತ್ತೇನಪ್ಪಾ?" ಚಿನ್ನದ ರೇಟು ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತು.

ತವರಿನಿಂದ ಬಂದ ಒಡವೆ ಸ್ತ್ರೀಧನ. ಅದು ಹೆಂಡತಿಯ ಸ್ವಂತ ಆಸ್ತಿ, ಕಷ್ಟಕ್ಕೆ ಗಂಡ ಬಳಸಿಕೊಂಡ್ರೆ ವಾಪಸ್ ಕೊಡೋ ಹೊಣೆ ಅವನದು. ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲೂ ಇದನ್ನ ಮತ್ತೆ ಹೇಳಿದೆ. ಒಪ್ಪಂದದಲ್ಲಿ ಒಡವೆಯನ್ನ ಗ್ರಾಂ ಲೆಕ್ಕದಲ್ಲಿ ಬರೆಸಿ.

ಆದ್ರೆ ಒಂದೇ ವಸ್ತುವನ್ನ ಎರಡು ಸಲ ಲೆಕ್ಕ ಹಾಕಬಾರದು. ಮೋಲ್ಡಿಗೆ ಹೋದ ಎರಡೆಳೆ ಸರ ಮನೆಯೊಳಗೇ ಸೇರಿಹೋಗಿದೆ, ಆ ಮನೆಯಲ್ಲಿ ಅವಳಿಗೆ ಅರ್ಧ ಬರ್ತಿದೆ. ಬೋರ್‌ವೆಲ್ಲಿಗೆ ಹೋದ ಬಳೆ ಯಾವ ಪಾಲಿನಲ್ಲೂ ಬರಲಿಲ್ಲ, ಆದ್ದರಿಂದ ಅದು ಬೇರೆ. ಇದನ್ನ ಅವಳೇ ಮೊದಲು ಒಪ್ಪಿದಳು. 32 ಗ್ರಾಂ ಬಳೆ ಮಾಡಿಸಿಯೇ ಕೊಟ್ಟೆ.

ತೋಟದ ಮನೆ, ಅಪ್ಪನ ಹೆಸರಿನ ಮನೆ ಆದ್ರೆ?

ಎಲ್ಲರದೂ ನಮ್ಮ ಥರ ಪಂಚಾಯ್ತಿ ಖಾತೆಯ ಜಂಟಿ ಮನೆ ಇರಲ್ಲ.

ಅಪ್ಪ ಅಮ್ಮನ ಸ್ವಯಾರ್ಜಿತ ಮನೆ ಆದ್ರೆ ಅದು ಪಾಲಿಗೆ ಬರಲ್ಲ. ಹಾಗಂತ ಸೊಸೆಯನ್ನ ಹೊರಗೆ ಹಾಕಿ ಬೀಗ ಜಡಿಯೋ ಹಾಗೂ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ವಾಸದ ಹಕ್ಕು ಇದೆ. ಮನೆ ಅತ್ತೆ ಮಾವನ ಹೆಸರಲ್ಲಿದ್ರೂ ಆ ಹಕ್ಕು ಬರಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಪಿತ್ರಾರ್ಜಿತ ಜಮೀನಾದ್ರೆ ಅದರಲ್ಲಿ ನಿಮ್ಮದು ಒಂದು ಪಾಲು ಮಾತ್ರ. ಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕು, ಹೆಣ್ಣು ಮಗುವಿಗೂ ಅಷ್ಟೇ. ನಮ್ಮ ಮೂರೂವರೆ ಎಕರೆ ತೆಂಗಿನ ತೋಟ ಹೀಗೇ ಇರೋದು. ನಾವಿಬ್ಬರು ಬೇರೆ ಆದ್ರೂ ನನ್ನ ಮಗಳು ಆ ತೋಟಕ್ಕೆ ಹೊರಗಿನವಳಾಗಲ್ಲ. ಅವಳ ಹಕ್ಕನ್ನ ನಾವಿಬ್ಬರು ಕೂತು ಬಿಟ್ಟುಕೊಡೋಕೂ ಆಗಲ್ಲ.

ಜಮೀನಿನಲ್ಲೇ ಮನೆ ಕಟ್ಟಿದ್ದು ಅನ್ಯಕ್ರಾಂತ ಆಗಿಲ್ಲ ಅಂದ್ರೆ ಮನೆಯನ್ನ ಜಮೀನಿನಿಂದ ಬೇರೆ ಮಾಡಿ ಮಾರೋದು ಕಷ್ಟ. ಅಲ್ಲಿ ಕಟ್ಟಡದ ಸವಕಳಿ ಬೆಲೆ ಬೇರೆ, ಜಮೀನಿನ ಬೆಲೆ ಬೇರೆ ಬರೆಸಿ.

ಜೀವನಾಂಶದ ಪ್ರಶ್ನೆ ಇದ್ರೆ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕು. 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನಮೂನೆ ಕೊಟ್ಟಿದೆ. ಕೃಷಿಕರಿಗೆ ಬೇರೆಯದೇ ನಮೂನೆ ಇದೆ. ತರಿ ಎಷ್ಟು, ಖುಷ್ಕಿ ಎಷ್ಟು, ಏನು ಬೆಳೆ, ಮೂರು ವರ್ಷದ ಆದಾಯ, ದನ ಕುರಿ ಎಷ್ಟು, ಸಾಲ ಎಷ್ಟು, ಎಲ್ಲ ಬರೀಬೇಕು. ಸುಳ್ಳು ಬರೆದ್ರೆ ಕ್ರಮ ಆಗುತ್ತೆ. ಡೇರಿ ಬಟವಾಡೆ, ಮಂಡಿ ಚೀಟಿ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಗುರುತು ಇರುತ್ತೆ, ಮುಚ್ಚಿಡೋಕಾಗಲ್ಲ.

ಸಹಿ ಹಾಕೋ ಮುಂಚೆ

ಬೆಲೆ ಒಪ್ಪಿಗೆ ಆದ್ರೆ ಅರ್ಧ ಕೆಲಸ ಆದಂಗೆ. ಉಳಿದ ಅರ್ಧ ಇಲ್ಲಿದೆ.

- ಬೆಲೆ ಯಾವ ತಾರೀಖಿನದು ಅಂತ ಒಪ್ಪಂದದಲ್ಲಿ ಬರೆಸಿ. ಕೇಸು ಎರಡು ವರ್ಷ ಎಳೆದ್ರೆ ಬೆಲೆ ಬದಲಾಗಿರುತ್ತೆ.
- ಬ್ಯಾಂಕಿಗೆ ನಿಮ್ಮ ವಿಚ್ಛೇದನ ಸಂಬಂಧ ಇಲ್ಲ. ಸಾಲದಲ್ಲಿ ಇಬ್ಬರ ಸಹಿ ಇದ್ರೆ ಡಿಕ್ರಿ ಆದ ಮೇಲೂ ಇಬ್ಬರೂ ಹೊಣೆ. ಅವಳ ಹೆಸರು ತೆಗೆಸೋಕೆ ಬ್ಯಾಂಕಿನ ಒಪ್ಪಿಗೆ ಲಿಖಿತವಾಗಿ ಬೇಕು. ನಮಗೆ ಇದಕ್ಕೇ ಮೂರು ತಿಂಗಳು ಹಿಡೀತು.
- ಮನೆ ಒಬ್ಬರ ಹೆಸರಿಗೆ ಆಗಬೇಕಾದ್ರೆ ರಿಲೀಸ್ ಡೀಡ್, ಅಂದ್ರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಬಾಂಡ್ ಪೇಪರ್ ಮೇಲೆ ಬರೆದುಕೊಂಡ ಕರಾರು ಸಾಲಲ್ಲ. ಕುಟುಂಬದವರ ನಡುವಿನ ಪತ್ರಗಳಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯ್ತಿ ಇದೆ. ಡಿಕ್ರಿ ಆದ ಮೇಲೆ ಗಂಡ ಹೆಂಡತಿ ಅಂತ ಹೇಳಿಕೊಳ್ಳೋಕೆ ಆಗಲ್ಲ. ಹಾಗಾಗಿ ಪತ್ರ ಯಾವಾಗ ಮಾಡಿಸಬೇಕು ಅಂತ ವಕೀಲರನ್ನ ಮೊದಲೇ ಕೇಳಿ.
- ದುಡ್ಡು ಕೊಡೋದು ಡಿಡಿ ಅಥವಾ ಬ್ಯಾಂಕ್ ಮೂಲಕ. ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಇರಲ್ಲ.
- ಮಗುವಿನ ಖರ್ಚು ಬೇರೆ, ಮನೆ ಪಾಲು ಬೇರೆ. ಒಂದಕ್ಕೊಂದು ಗಂಟು ಹಾಕಬೇಡಿ.
- ವಕೀಲರ ಫೀಸಿಗೆ ಕಷ್ಟ ಅಂದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ನೆರವು ಸಿಗುತ್ತೆ. ಸಹಾಯವಾಣಿ 15100.

13ಬಿ ಅರ್ಜಿಗೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಮೊದಲ ಹಂತಕ್ಕೂ ಎರಡನೇ ಹಂತಕ್ಕೂ ನಡುವೆ ಆರು ತಿಂಗಳು ಬಿಡುವು. ಆ ಆರು ತಿಂಗಳನ್ನ ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಮನ್ನಾ ಕೇಳಲಿಲ್ಲ, ನನಗೆ ದುಡ್ಡು ಹೊಂದಿಸೋಕೆ ಸಮಯ ಬೇಕಿತ್ತು. ಮೊದಲ ದಿನ 5 ಲಕ್ಷ, ಕೊನೇ ದಿನ 6 ಲಕ್ಷ. ಟ್ರೈಲರ್ ಮಾರಿದೆ, ಎರಡು ಹಸು ಮಾರಿದೆ, ಅಟ್ಟದ ಮೇಲಿದ್ದ ಕೊಬ್ಬರಿ ಅಷ್ಟೂ ಇಳಿಸಿದೆ, ಉಳಿದಿದ್ದಕ್ಕೆ ಸಾಲ. ಇನ್ನೂ ತೀರಿಸ್ತಾ ಇದ್ದೀನಿ. ಆದ್ರೆ ಮಗಳನ್ನ ಕರೆತರೋಕೆ ಆ ಊರಿಗೆ ಹೋದಾಗ ತಲೆ ತಗ್ಗಿಸಿ ನಿಲ್ಲೋ ಹಾಗಿಲ್ಲ. ಆ ಹದಿನೈದರ ವರದಿ ನಡೆದುಹೋಗಿದ್ರೆ ಏಳು ಲಕ್ಷ ಉಳೀತಿತ್ತು, ಆ ಊರಿನ ದಾರಿ ಮುಚ್ಚಿಹೋಗ್ತಿತ್ತು.

ರಜಕ್ಕೆ ಬಂದಾಗ ಮಗಳು ಕೊಟ್ಟಿಗೆಯಲ್ಲೇ ಇರ್ತಾಳೆ. ಉಳಿದಿರೋ ಒಂದು ಹಸುವಿಗೆ ಅವಳಮ್ಮ ಇಟ್ಟ ಹೆಸರನ್ನೇ ಕರೀತಾಳೆ. ನಾನೀಗ ನಾಲ್ಕೂವರೆಗೆ ಏಳ್ತೀನಿ. ಸಗಣಿ ಬಾಚೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಈಗ ಗೊತ್ತಾಗಿದೆ.